ಗಿರಕಿ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಮುಂದಕ್ಕೆ ಹೋಗಬೇಕೆಂದು ಹಿಂದಿನವರ ಕಟ್ಟಪ್ಪಣೆ. ವಿಷಯ ಏನು, ಪ್ರಯೋಜನ ಏನು, ಸಂಬಂಧ ಏನು, ಅಧಿಕಾರಿ ಯಾರು. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಪ್ರಸ್ತುತ ಗ್ರಂಥದ ವಿಷಯ ರೋಟರಿ ಟೂಲ್. ದಪ್ಪ ಟಾರ್ಚಿನಷ್ಟು ಗಾತ್ರ, ಮುಂದೊಂದು ಸಣ್ಣ ಮೂತಿ. ಕರೆಂಟು ಕೊಟ್ಟರೆ ಮೂತಿಗೆ ಸಿಕ್ಕಿಸಿದ್ದನ್ನು ಗಿರಗಿರ ತಿರುಗಿಸುವುದೇ ಇದರ ಧರ್ಮ. ಅಧಿಕಾರಿ, ಭಾನುವಾರ ಸುಮ್ಮನೆ ಕೂರಲಾರದ ಗೃಹಸ್ಥ. ಪ್ರಯೋಜನದ ಬಗ್ಗೆ ನಮ್ಮ ಮನೆಯಲ್ಲಿ ಮತಭೇದವಿದೆ. ಸಂಬಂಧ ಸದ್ಯಕ್ಕೆ ಸ್ವಲ್ಪ ಹಳಸಿದೆ.

ನಿರುಕ್ತ. ಬಲ್ಲವರು ಇದನ್ನು ಡ್ರೆಮೆಲ್ ಎನ್ನುತ್ತಾರೆ. ‘ಭ್ರಮ್’ ಧಾತು ಕಾಲಕ್ರಮದಲ್ಲಿ ಸವೆದು ‘ಡ್ರೆಮ್’ ಆಯಿತೆಂದು ಸಾಧಿಸುವ ಆಸೆ ನನಗೂ ಇತ್ತು. ಆದರೆ ಅದು ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಆಲ್ಬರ್ಟ್ ಡ್ರೆಮೆಲ್ ಎಂಬಾತನ ಹೆಸರು. 1932ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ ಆತ ಕಂಪನಿ ಕಟ್ಟಿದ, 1993ರಲ್ಲಿ ಅದು ಬಾಷ್ ಪಾಲಾಯಿತು. ವನಸ್ಪತಿಯೆಲ್ಲ ಡಾಲ್ಡಾ ಆದ ನ್ಯಾಯದಿಂದ ಈ ಜಾತಿಯ ಯಂತ್ರಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿದೆ. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡದ್ದು ಆ ಕುಲದ್ದಲ್ಲ. ಜೊತೆಗೆ ಬಂದ ಡಬ್ಬಿಯಲ್ಲಿ ನೂರಕ್ಕೂ ಹೆಚ್ಚು ಬಿಡಿಭಾಗಗಳಿವೆ. ಆರೇಳನ್ನು ಬಿಟ್ಟರೆ ಮಿಕ್ಕವು ಯಾತಕ್ಕೆ ಎಂಬಲ್ಲಿ ಎಲ್ಲ ವ್ಯಾಖ್ಯಾನಕಾರರೂ ಮೌನ ತಾಳುತ್ತಾರೆ.

ಕಾರಣ ಮೊದಲು, ಕಾರ್ಯ ಆಮೇಲೆ ಎಂಬುದು ತಾರ್ಕಿಕರ ಮತ. ಪಾಪ, ಅವರ ಮನೆಯಲ್ಲಿ ಈ ಯಂತ್ರ ಇರಲಿಲ್ಲ. ನಮ್ಮಲ್ಲಿ ಯಂತ್ರ ಮೊದಲು ಬಂತು, ಅಗತ್ಯ ಅದರ ಹಿಂದೆ ಬಂತು. ಕೊಂಡ ಮರುದಿನದಿಂದ ಮನೆಯಲ್ಲಿ ನೆಟ್ಟಗಿರುವ ವಸ್ತು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ.

ಮೊದಲ ಸೂತ್ರ: ಬಿಗಿಯದೆ ತಿರುಗಿಸಬಾರದು. ವೃತ್ತಿ: ಮೂತಿಯ ನಟ್ಟಿನೊಳಗೆ ಸೀಳುಸೀಳಾದ ಪುಟ್ಟ ಕೊಳವೆಯಿದೆ, ಅದೇ ಕಾಲೆಟ್. ಅದರೊಳಗೆ ಸಿಕ್ಕಿಸುವ ಬಿಡಿಭಾಗಕ್ಕೆ ಬಿಟ್ಟು ಎಂದು ಹೆಸರು. ಬಿಟ್ಟಿನ ಕಡ್ಡಿ ಸಾಮಾನ್ಯವಾಗಿ 3.2 ಮಿ.ಮೀ.; ಸಣಕಲು ಕಡ್ಡಿಯವಕ್ಕೆ 2.4ರ ಕಾಲೆಟ್ ಬೇರೆ ಬೇಕು. ಪಕ್ಕದ ಲಾಕ್ ಗುಂಡಿ ಅದುಮಿ ಹಿಡಿದು, ಕಡ್ಡಿಯನ್ನು ಪೂರ್ತಿ ಒಳಗೆ ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆಳೆದು, ಸ್ಪ್ಯಾನರಿನಲ್ಲಿ ನಟ್ಟು ಬಿಗಿಯಬೇಕು. ಕಡ್ಡಿಯಿಲ್ಲದ ಕಾಲೆಟ್ಟಿಗೆ ನಟ್ಟು ಬಿಗಿದರೆ ಕಾಲೆಟ್ ಮುದುಡಿ ಹಾಳಾಗುತ್ತದೆ. ತಿರುಗುವಾಗ ಲಾಕ್ ಗುಂಡಿ ಅದುಮಿದರೆ ಏನಾಗುತ್ತದೆ ಎಂದು ಪರೀಕ್ಷಿಸುವ ಶಿಷ್ಯನಿಗೆ ಗುರುವಿನ ಅಗತ್ಯವಿಲ್ಲ, ರಿಪೇರಿ ಅಂಗಡಿಯ ವಿಳಾಸ ಸಾಕು.

ಎರಡನೆಯ ಸೂತ್ರ: ಒತ್ತಬಾರದು. ಇದು ಇಡೀ ಶಾಸ್ತ್ರದ ತಿರುಳು. ಯಂತ್ರದ ಗರಿಷ್ಠ ವೇಗ ನಿಮಿಷಕ್ಕೆ 35,000 ಸುತ್ತು. 24 ಮಿ.ಮೀ. ಅಗಲದ ಕಟಿಂಗ್ ಡಿಸ್ಕಿನ ಅಂಚು ಆ ಲೆಕ್ಕದಲ್ಲಿ ಗಂಟೆಗೆ ಸುಮಾರು 158 ಕಿ.ಮೀ. ಓಡುತ್ತದೆ. ಮೈಸೂರಿನ ಕಡೆ ಮುಖ ಮಾಡಿ ಹೊರಟಿದ್ದರೆ ಗಂಟೆಯೊಳಗೆ ಸೇರುತ್ತಿತ್ತು. ಇದ್ದಲ್ಲೇ ಇರುತ್ತದೆ ಎಂಬುದು ಅದರ ದೊಡ್ಡಗುಣ. ಆದರೆ ವೇಗವಿದ್ದಷ್ಟು ಬಲವಿಲ್ಲ. ಮದುವೆಮನೆಯಲ್ಲಿ ಒಂದೇ ಸಮನೆ ಓಡಾಡುವ ಕೆಲವು ಸೋದರಮಾವಂದಿರ ಹಾಗೆ. ಕೈಯೂರಿ ಒತ್ತಿದರೆ ತೇಕುತ್ತದೆ, ಮೈ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೆಲ್ಲಗೆ ತಾಗಿಸಿ ಎತ್ತಿ, ತಾಗಿಸಿ ಎತ್ತಿ ಕೆಲಸ ಸಾಗಿಸಬೇಕು. ಡಿಸ್ಕಂತೂ ಹಪ್ಪಳದ ಜಾತಿ. ನೇರ ಇಳಿಸಿದರೆ ಕಬ್ಬಿಣ ಕೊಯ್ಯುತ್ತದೆ, ಒಂಚೂರು ವಾಲಿಸಿದರೆ ಚೂರಾಗಿ ಹಾರುತ್ತದೆ. ಕಣ್ಣಿಗೆ ಗಾಗಲ್ಸ್ ಹಾಕಿಕೊಳ್ಳದವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ.

ವೇಗ ಹೆಚ್ಚಿದಷ್ಟೂ ಒಳ್ಳೆಯದೆಂಬ ದುರ್ವಾದವೊಂದಿದೆ. ಅಕ್ರಿಲಿಕ್ ಹಾಳೆಯೊಂದನ್ನು ನಾನು ತುತ್ತತುದಿಯ ವೇಗದಲ್ಲಿ ಕೊಯ್ದೆ. ಗೆರೆ ಅಂದವಾಗಿ ಮೂಡಿತು. ಎರಡು ಹೋಳು ಬೇರ್ಪಡಿಸಲು ಹೋದರೆ ಬರಲೊಲ್ಲವು. ಬಿಟ್ಟು ಮುಂದೆ ಹೋದಂತೆ ಹಿಂದೆ ಕರಗಿದ ಪ್ಲಾಸ್ಟಿಕ್ ಮತ್ತೆ ಕೂಡಿಕೊಂಡಿತ್ತು. ಇದು ಜರಾಸಂಧ ದೋಷ. ಭೀಮನಂತೆ ಸೀಳಿ ತಿರುವುಮುರುವಾಗಿ ಎಸೆಯುವುದು ಪೌರಾಣಿಕ ಪರಿಹಾರ. ವೇಗ ಇಳಿಸುವುದು ಲೌಕಿಕ ಪರಿಹಾರ.

ಪೂರ್ವಪಕ್ಷ ಅಮ್ಮನದು. ಕಿಟಕಿಯ ಹಳೆಯ ಕೀಲಿನಲ್ಲಿ ತಲೆ ಸವೆದ ತಿರುಪೊಂದು ಕದಲದೆ ಕೂತಿತ್ತು. ಅದರ ತಲೆಗೆ ಡಿಸ್ಕಿನಿಂದ ಅಡ್ಡಗೆರೆ ಕೊಯ್ದೆ. ಸಂಕ್ರಾಂತಿಯ ದಿನ ದೀಪಾವಳಿಯಾಯಿತು. ಕಿಡಿ ಆರಿದ ಮೇಲೆ ಗೆರೆಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿದರೆ ತಿರುಪು ‘ಕಿರ್’ ಎಂದು ಎದ್ದು ಬಂತು.

“ಒಂದು ಸ್ಕ್ರೂಗೆ ಮುಕ್ಕಾಲು ಗಂಟೆ ಹೋಮ ಮಾಡಿದೆಯಲ್ಲೋ, ಬಡಗಿ ಆಗಿದ್ರೆ ಹತ್ತು ನಿಮಿಷ” ಎಂದಳು ಅಮ್ಮ. ಬಡಗಿ ಬರುತ್ತೇನೆಂದು ಹೇಳಿ ಮೂರು ಸಂಕ್ರಾಂತಿ ಕಳೆದಿವೆ ಎಂಬುದು ನನ್ನ ಸಿದ್ಧಾಂತ. ಅಮ್ಮ ಅದನ್ನು ಖಂಡಿಸಲಿಲ್ಲ, ಒಪ್ಪಲೂ ಇಲ್ಲ.

ಮೂರನೆಯ ಸೂತ್ರ ಪ್ರಾರಬ್ಧದ್ದು. ಕೋಲು ತೆಗೆದ ಮೇಲೂ ಕುಂಬಾರನ ಚಕ್ರ ಕೆಲಹೊತ್ತು ತಿರುಗುತ್ತದೆ, ಹಾಗೆಯೇ ಜ್ಞಾನ ಬಂದ ಮೇಲೂ ದೇಹ ಉಳಿದಿರುತ್ತದೆ ಎಂದು ವೇದಾಂತಿಗಳು ಹೇಳುವುದುಂಟು. ಸ್ವಿಚ್ ಆರಿಸಿದ ಮೇಲೂ ಬಿಟ್ಟು ತಿರುಗುತ್ತಿರುತ್ತದೆ ಎಂಬ ಜ್ಞಾನ ಬರುವ ಮೊದಲು, ತಂತಿ ಬ್ರಶ್ ಸಿಕ್ಕಿಸಿದ ಯಂತ್ರವನ್ನು ನಾನು ಅಮ್ಮ ಬತ್ತಿ ಹೊಸೆಯಲೆಂದು ಬಿಡಿಸಿಟ್ಟ ಹತ್ತಿಯ ಪಕ್ಕ ಇಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಹತ್ತಿಯಷ್ಟೂ ಸುತ್ತಿಕೊಂಡು ಸೌತೆಕಾಯಿ ದಪ್ಪದ ಒಂದೇ ಬತ್ತಿ ಸಿದ್ಧವಾಗಿತ್ತು. “ಇದಕ್ಕೆ ಎಣ್ಣೆ ಎಲ್ಲಿಂದ ತರ್ತೀಯೋ?” ಎಂದಳು.

ಕೊನೆಗೆ ಲಿಪಿಪ್ರಕರಣ. ಪಾತ್ರೆ ಅಂಗಡಿಯವರು ಹೆಸರು ಹಾಕುವ ಮೆಷಿನ್ನು ಟರ್ ಎಂದು ಕುಟ್ಟುತ್ತ ಚುಕ್ಕೆಚುಕ್ಕೆಯಾಗಿ ಅಕ್ಷರ ಮೂಡಿಸುತ್ತದೆ. ನಮ್ಮದು ಕುಟ್ಟುವುದಿಲ್ಲ, ತಿರುಗುತ್ತದೆ. ತಿರುಗುವ ಬಿಟ್ಟು ನುಣುಪು ಸ್ಟೀಲಿನ ಮೇಲೆ ತನ್ನ ದಾರಿ ತಾನು ಹಿಡಿಯುತ್ತದೆ. ನಮ್ಮ ಲಿಪಿಯೋ ಪೂರ್ತಿ ದುಂಡು. ಹೆಂಡತಿ “ರೀ, ಹಳೇ ಪಾತ್ರೆ ಮೇಲೆ ನೋಡಿ ಮೊದಲು” ಎಂದದ್ದನ್ನು ಕೇಳದೆ, ಬಳಪ ಹಿಡಿಯುವ ಹಾಗೆ ಯಂತ್ರ ಹಿಡಿದು, ವಜ್ರದ ಪುಡಿ ಮೆತ್ತಿದ ಬಿಟ್ಟಿನಿಂದ ಹೊಸ ಚೊಂಬಿನ ಮೇಲೆ ಅಮ್ಮನ ಹೆಸರಿನ ಮೊದಲಕ್ಷರ ‘ರ’ ಕೆತ್ತಿದೆ. ಸುತ್ತು ಸೊಗಸಾಗಿ ಬಂತು, ತಲಕಟ್ಟೂ ಕೂತಿತು. ಎತ್ತುವ ಗಳಿಗೆಯಲ್ಲಿ ಬಿಟ್ಟು ಜಿಗಿದು ನಟ್ಟನಡುವೆ ಒಂದು ಚುಕ್ಕೆ ಇಟ್ಟಿತು. ‘ಠ’.

ಅಮ್ಮ ಎರಡು ದಿನ ಆ ಚೊಂಬು ಮುಟ್ಟಲಿಲ್ಲ. ಮೂರನೆಯ ದಿನ ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಪಾತ್ರೆ ಬೇಕೆಂದು ಬಂದವರಿಗೆ ಅದನ್ನೇ ಕೊಟ್ಟು ಕಳಿಸಿದಳು. ನಾಲ್ಕು ಮನೆಯ ಚೊಂಬುಗಳು ಅಲ್ಲಿ ಕಲಸಿಹೋಗಿ, ಸಂಜೆ ದೊಡ್ಡ ಚರ್ಚೆಯೇ ನಡೆಯಿತಂತೆ. ಕತ್ತಲಾಗುವಾಗ ಆ ಮನೆಯ ಹುಡುಗ ನಮ್ಮ ಬಾಗಿಲಲ್ಲಿ ನಿಂತಿದ್ದ.

“ಅಜ್ಜಿ, ಠ ನಿಮ್ಮನೇದೇ ಅಲ್ವಾ?”

ಚೊಂಬು ತೆಗೆದುಕೊಂಡು ಒಳಗೆ ಹೋದ ಅಮ್ಮ ನಾಲ್ಕು ತಟ್ಟೆ, ಒಂದು ಸೌಟು ತಂದು ನನ್ನ ಮುಂದಿಟ್ಟಳು.

“ಇವಕ್ಕೂ ಅದನ್ನೇ ಹಾಕು.”