ಅಧಃಸೇತು ಉದ್ಯಾನ ಮೀಮಾಂಸೆ

ಮೇಲ್ಸೇತುವೆಯ ಅಡಿಯಲ್ಲಿ ಉದ್ಯಾನವಿರಬಹುದೇ ಎಂಬ ವಿಷಯದಲ್ಲಿ ಪ್ರಾಚೀನರು ಮೌನ ವಹಿಸಿದ್ದಾರೆ. ಆಗ ಮೇಲ್ಸೇತುವೆಗಳೇ ಇರಲಿಲ್ಲ ಎಂಬ ಕ್ಷುಲ್ಲಕ ಸಮಾಧಾನವನ್ನು ಕೆಲವರು ಕೊಡುತ್ತಾರೆ. ಕೋಲ್ಕತ್ತಾ ಈ ಕೊರತೆಯನ್ನು ನೀಗಿದೆ. ಗರಿಯಾಹಾಟ್ ಮೇಲ್ಸೇತುವೆಯ ಕೆಳಗೆ ಚದುರಂಗಕ್ಕೆ ಕೂತವರನ್ನು ಗಮನಿಸಿ. ನೆತ್ತಿಯ ಮೇಲೆ ಬಸ್ಸು, ಕಿವಿಯ ಪಕ್ಕ ಹಾರ್ನು. ಒಬ್ಬರು ಕುದುರೆಯನ್ನು ಎತ್ತಿ ಹಿಡಿದವರು ಇನ್ನೂ ಇಟ್ಟಿಲ್ಲ. ನೆರಳಿದ್ದಲ್ಲಿ ಉದ್ಯಾನ ತಾನೇ ಹುಟ್ಟುತ್ತದೆಂಬುದಕ್ಕೆ ಇದೇ ಪ್ರತ್ಯಕ್ಷ ಪ್ರಮಾಣ.

ಗಿಡ, ಬೆಂಚು, ದೀಪ, ಬಣ್ಣ ಈ ನಾಲ್ಕರ ಸಂಯೋಗವೇ ಉದ್ಯಾನವೆಂಬುದು ಪೂರ್ವಪಕ್ಷದವರ ಲಕ್ಷಣವಾಕ್ಯ. ಬಣ್ಣ ನೀಲಿ-ಬಿಳಿ ಆಗಿರತಕ್ಕದ್ದು. 2011ರ ನಂತರದ ಕೋಲ್ಕತ್ತಾದಲ್ಲಿ ಬೇರೆ ಬಣ್ಣ ಸಿದ್ಧಿಸುವುದು ಕಷ್ಟ. ದೀಪಕ್ಕೆ ಮೂರು ಕವಲಿರತಕ್ಕದ್ದು. ನೀರು ಈ ಲಕ್ಷಣದಲ್ಲಿ ಬರುವುದಿಲ್ಲ. ಅದು ಜುಲೈನಲ್ಲಿ ಬರುತ್ತದೆ.

ಎಲ್ಲಿಂದ ಬರುತ್ತದೆ ಎಂಬಲ್ಲಿ ಪಂಡಿತರು ಎರಡು ಪಂಗಡ. ಊರ್ಧ್ವವಾದಿಗಳ ಪ್ರಕಾರ ಮೇಲಿನಿಂದ. ಸೇತುವೆಯ ಮಳೆನೀರು ಕಂಬಕ್ಕೆ ಬಿಗಿದ ಪೈಪಿನಲ್ಲಿ ಇಳಿಯುತ್ತದೆ; ಪೈಪು ನೆಲ ಮುಟ್ಟುವ ಮೊದಲೇ ಮುರಿದಿದ್ದರೆ ಬೆಂಚಿನ ಮೇಲೆ ಜಲಪಾತ. ಆದರೆ ಸೇತುವೆಯಡಿಯ ನಟ್ಟನಡುವಿನ ಮಣ್ಣಿಗೆ ಹನಿಯೂ ತಾಗದು. ಆದ್ದರಿಂದ ಮಾಲಿ ಛತ್ರಿ ಹಿಡಿದು ಬಂದು ಗಿಡಕ್ಕೆ ನಲ್ಲಿನೀರು ಹಾಯಿಸಬೇಕು. ಅತಿವೃಷ್ಟಿಗೂ ಅನಾವೃಷ್ಟಿಗೂ ಒಂದೇ ಕಾಂಪೌಂಡಿನಲ್ಲಿ ಏಕಕಾಲಕ್ಕೆ ಪರಿಹಾರ ಕೇಳಬಹುದಾದ ಸ್ಥಳ ಜಗತ್ತಿನಲ್ಲಿ ಬೇರೆ ಇರಲಾರದು.

ಅಧೋವಾದಿಗಳ ಪ್ರಕಾರ ನೀರು ಚರಂಡಿಯ ಬಾಯಿಂದ ಮೇಲೆ ಬರುತ್ತದೆ. ಇವರ ಬೆನ್ನಿಗೆ ಇತಿಹಾಸವಿದೆ. 1855ರಲ್ಲಿ ವಿಲಿಯಂ ಕ್ಲಾರ್ಕ್ ಎಂಬ ಇಂಜಿನಿಯರು ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಇಟ್ಟಿಗೆ ಸುರಂಗದ ಯೋಜನೆ ಹಾಕಿದ. ಊರಿನ ಪಕ್ಕದಲ್ಲೇ ಹೂಗ್ಲಿ ಹರಿದರೂ ನೆಲ ಇಳಿಜಾರಾಗಿರುವುದು ನದಿಗೆ ಬೆನ್ನು ಮಾಡಿ, ಪೂರ್ವಕ್ಕೆ. ಹಾಗಾಗಿ ನೀರನ್ನು ಪಾಮರ್ಸ್ ಬ್ರಿಜ್‌ನಂಥ ಕಡೆ ಪಂಪಿನಿಂದ ಎತ್ತಿ ಪೂರ್ವದ ಕಾಲುವೆಗಳಿಗೆ ದೂಡಬೇಕು. ಹಳೆಯ ವ್ಯವಸ್ಥೆಯ ಸಾಮರ್ಥ್ಯ ಗಂಟೆಗೆ ಸುಮಾರು 6 ಮಿಲಿಮೀಟರ್ ಮಳೆ. 2025ರ ಸೆಪ್ಟೆಂಬರ್ 23ಕ್ಕೆ ನಗರದಲ್ಲಿ 24 ಗಂಟೆಯೊಳಗೆ 251 ಮಿಲಿಮೀಟರ್ ಸುರಿಯಿತು. ತ್ರೈರಾಶಿ ಹಾಕಿದರೆ ಚರಂಡಿ ಕೇಳುವುದು 42 ಗಂಟೆ. ಮಳೆಗೆ ಅಷ್ಟು ಪುರುಸೊತ್ತಿರಲಿಲ್ಲ. ಬಹುಪಾಲು ಒಂದೇ ರಾತ್ರಿಯಲ್ಲಿ ಮುಗಿಸಿತು.

ಮೂರನೆಯದೊಂದು ಉಬ್ಬರವಾದವೂ ಇದೆ, ನನ್ನ ಒಲವು ಅದರ ಕಡೆ. ಹೂಗ್ಲಿಯಲ್ಲಿ ಉಬ್ಬರ ಬಂದಾಗ ನದಿಗೆ ತೆರೆಯುವ ತೂಬಿನ ಬಾಗಿಲು ಮುಚ್ಚಬೇಕು, ಇಲ್ಲವಾದರೆ ನದಿಯೇ ಊರೊಳಗೆ ನುಗ್ಗುತ್ತದೆ. ಬಾಗಿಲು ಮುಚ್ಚಿದರೆ ಒಳಗಿನದು ಹೊರಹೋಗದು. ಆ ಮಹಾಮಳೆ ಬಿದ್ದದ್ದು ಮಹಾಲಯ ಅಮಾವಾಸ್ಯೆ ಕಳೆದ ಎರಡು ದಿನಕ್ಕೆ, ಉಬ್ಬರ ಬಲವಾಗಿರುವ ಹೊತ್ತಿನಲ್ಲಿ. ಚರಂಡಿ ಇಂಜಿನಿಯರು ಕ್ಯಾಲ್ಕುಲೇಟರ್ ಮರೆತರೂ ಪಂಚಾಂಗ ಮರೆಯಬಾರದೆಂಬುದು ಇದರಿಂದ ಸಿದ್ಧ.

ಮಾಪನದ ಬಗ್ಗೆ ಒಂದು ಮಾತು. ಕೋಲ್ಕತ್ತಾ ನೀರನ್ನು ಅಡಿಗಳಲ್ಲಿ ಅಳೆಯುವುದಿಲ್ಲ. ಮೊಣಕಾಲು, ಸೊಂಟ ಎಂದು ಅಳೆಯುತ್ತದೆ. ಯಾರ ಮೊಣಕಾಲು ಎಂಬುದಿನ್ನೂ ಇತ್ಯರ್ಥವಾಗಿಲ್ಲ. ಕಟ್ಟೆಯ ನೀಲಿ-ಬಿಳಿ ಪಟ್ಟೆಗಳನ್ನೇ ಅಳತೆಗೋಲು ಮಾಡಿದರೆ ಬಣ್ಣದ ಖರ್ಚಿಗೂ ಶಾಸ್ತ್ರಸಮ್ಮತಿ ಸಿಗುತ್ತದೆ. ಮತ್ತು ವಿದ್ಯುತ್ ಪೆಟ್ಟಿಗೆ ಅತ್ಯಂತ ಮೇಲಿನ ಪಟ್ಟೆಗಿಂತಲೂ ಮೇಲಿರಲಿ. ಆ ಮಹಾಮಳೆಯ ದಿನ ನಿಂತ ನೀರಲ್ಲಿ ಕರೆಂಟು ಹರಿದು ಹಲವರು ಸತ್ತರು. ಈ ಸೂತ್ರಕ್ಕೆ ಮಾತ್ರ ಪೂರ್ವಪಕ್ಷವಿಲ್ಲ.

ಇಷ್ಟಾದ ಮೇಲೆ ಒಬ್ಬ ಆಕ್ಷೇಪಕ ಏಳುತ್ತಾನೆ: ಗಿಡವನ್ನೇ ಬಿಡಿ, ಸೇತುವೆಯಡಿ ಹೊಂಡ ತೋಡಿ ನೀರನ್ನು ತಡೆದು ನಿಲ್ಲಿಸಿ, ಮಳೆ ನಿಂತ ಮೇಲೆ ಮೆಲ್ಲಗೆ ಬಿಡಿ. ಯುಕ್ತವಾದ ಮಾತು. ನಗರದ ಪೂರ್ವಕ್ಕಿರುವ ಜೌಗುನೆಲ ಇಂಥದೇ ಉಪಕಾರ ಮಾಡಿ, ಕೊಳಚೆಯಲ್ಲೇ ಮೀನು ಬೆಳೆದುಕೊಟ್ಟು, 2002ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ತೊಡಕು ಒಂದೇ. ಬಂಗಾಳದಲ್ಲಿ ಹೊಂಡ ತೋಡಿದರೆ ಯಾರಾದರೂ ಮೀನುಮರಿ ಬಿಟ್ಟೇ ಬಿಡುತ್ತಾರೆ. ಮೀನು ಬಿಟ್ಟ ಮೇಲೆ ಉದ್ಯಾನದ ಕಡತ ಮೀನುಗಾರಿಕೆ ಇಲಾಖೆಗೆ ಹೋಗುತ್ತದೆ, ಮುರಿದ ಪೈಪು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರು ಷರಾ ಬರೆಯುತ್ತಾರೆ.