ಐಂಡ್‌ಹೋವನ್‌ನಲ್ಲಿ ಭದ್ರಾವತಿಯ ಕೂಗು

ಬೇಸಿಗೆಗೆ ನಮ್ಮ ಅತ್ತೆ ಮಾವ ನೆದರ್‌ಲೆಂಡ್ಸಿಗೆ ಬಂದಾಗ ಮೊದಲ ವಾರ ಕಾಲುವೆ, ಗಾಳಿಯಂತ್ರ ನೋಡುವುದರಲ್ಲಿ ಕಳೆಯುತ್ತದೆ. ಆಮೇಲೆ ಶುರು: "ಏನಮ್ಮಾ ಈ ಊರು, ಒಂದು ಸದ್ದಿಲ್ಲ!" ಸೊಪ್ಪಿನವಳು ಕೂಗುವುದಿಲ್ಲ, ಬಸ್ಸು ಹಾರನ್ ಹೊಡೆಯುವುದಿಲ್ಲ, ಪಕ್ಕದ ಮನೆಯವರು ಜಗಳವನ್ನೂ ಕಿಟಕಿ ಮುಚ್ಚಿಕೊಂಡು ಆಡುತ್ತಾರೆ. ಈ ಕೊರತೆ ನೀಗಿಸಲೆಂದೋ ಏನೋ, ಮಗರಾಯ ರಜೆಯಲ್ಲಿ ಸೈರನ್ ಮಾಡಲು ಕೂತ.

ಬೇಕಾಗುವ ಸಾಮಾನು ಒಂದು ತಟ್ಟೆಯಲ್ಲಿ ಹಿಡಿಸುವಷ್ಟು: ಎರಡು 555 ಟೈಮರ್ ಚಿಪ್ಪು, ಒಂದಷ್ಟು ರೆಸಿಸ್ಟರು, ಕೆಪಾಸಿಟರು, 8 ಓಮ್ ಸ್ಪೀಕರು, 9 ವೋಲ್ಟ್ ಬ್ಯಾಟರಿ. 555ಕ್ಕೂ ನಮ್ಮೂರಿಗೂ ನಂಟಸ್ತಿಕೆ ಇದೆ. ಸ್ವಿಟ್ಜರ್ಲೆಂಡಿನ ಹಾನ್ಸ್ ಕಾಮೆನ್‌ಜಿಂಡ್ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ಅದನ್ನು ರೂಪಿಸಿದ. 1975ರಲ್ಲಿ ಆ ಕಂಪನಿಯನ್ನೇ ಐಂಡ್‌ಹೋವನ್‌ನಲ್ಲಿ ಹುಟ್ಟಿದ ಫಿಲಿಪ್ಸ್ ಕೊಂಡುಕೊಂಡಿತು. ನಮ್ಮ ಯಜಮಾನರು ಚಿಪ್ಪು ಮಾಡುವ ಯಂತ್ರಗಳನ್ನು ಮಾಡುವವರು. ಮಗನಿಗೆ ನೆರವಾಗಲು ಬಂದು, ಎಂಟು ಕಾಲಿನ ಚಿಪ್ಪನ್ನು ಹಿಂದುಮುಂದಾಗಿ ಚುಚ್ಚಿ, "ಬ್ಯಾಟರಿ ಸತ್ತಿದೆ" ಎಂದು ತೀರ್ಪು ಕೊಟ್ಟು ಮೀಟಿಂಗಿಗೆ ಹೋದರು. ಮಗ ಚಿಪ್ಪಿನ ತಲೆಯ ಕಚ್ಚು ನೋಡಿ ತಿರುಗಿಸಿ ಹಾಕಿದ. ಸತ್ತ ಬ್ಯಾಟರಿ ಎದ್ದು ಕೂಗಿತು.

ಕೆಲಸ ಮಾಡುವ ರೀತಿ ನಮ್ಮ ಮನೆಯದೇ. ಎರಡನೇ ಚಿಪ್ಪು ಸೆಕೆಂಡಿಗೆ ಸುಮಾರು ಏಳುನೂರು ಸಲ ಮಿಡಿದು ಸದ್ದು ಮಾಡುತ್ತದೆ. ಮೊದಲನೆಯದು ತಾನು ಸದ್ದು ಮಾಡದೆ, ತನ್ನ 3ನೇ ಕಾಲಿನಿಂದ 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಎರಡನೆಯದರ 5ನೇ ಕಾಲಿಗೆ ಕೈಹಾಕಿ, ಸೆಕೆಂಡಿಗೊಮ್ಮೆ ಅದರ ಕಿವಿ ಹಿಂಡುತ್ತಿರುತ್ತದೆ. ಹಾಗಾಗಿ ಸ್ವರ ಒಮ್ಮೆ ಏರು, ಒಮ್ಮೆ ಇಳಿ: ಪೀಂ-ಪೋಂ, ಪೀಂ-ಪೋಂ.

"ಆಂಬುಲೆನ್ಸ್!" ಎಂದು ಮಗ ಕುಣಿದ.

"ಥೂ, ಅಪಶಕುನ. ದೀಪ ಹಚ್ಚೋ ಹೊತ್ತಲ್ಲಿ ಆಂಬುಲೆನ್ಸ್ ಸದ್ದು ಮಾಡ್ತಾರೇನೋ!" ಎಂದರು ಅತ್ತೆ.

ಮಾವನವರ ತಕರಾರು ಬೇರೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಅತ್ತೆ ಅನ್ನಕ್ಕಿಡುತ್ತಿದ್ದುದೂ ಶಿಫ್ಟಿನ ಸೈರನ್ ಕೇಳಿಯೇ. "ಇದು ಸೈರನ್ನೇನೋ? ಬಿಕ್ಕಳಿಕೆ. ಸೈರನ್ ಅಂದ್ರೆ ಹೊಟ್ಟೆಯಿಂದ ಎದ್ದು ಬರಬೇಕು" ಎಂದು ಸೋಫಾದಿಂದ ಎದ್ದು ಕೂಗಿಯೇ ತೋರಿಸಿದರು. ಮೇಲಿನ ಮಹಡಿಯ ಮೀಟಿಂಗು ಒಂದು ಗಳಿಗೆ ನಿಂತಿತು.

ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಹಳೆಯ ಸೈರನ್ನಿನಲ್ಲಿ ಮೋಟಾರು ತೂತಿನ ಚಕ್ರ ತಿರುಗಿಸಿ ಗಾಳಿಯನ್ನು ಕತ್ತರಿಸುತ್ತದೆ. ಅದು ವೇಗ ಹಿಡಿಯಲು ಹೊತ್ತು ಬೇಕು, ಕರೆಂಟು ತೆಗೆದರೂ ನಿಲ್ಲಲು ಹೊತ್ತು ಬೇಕು. ಮಗ ಯೋಚಿಸಿ, ಮೊದಲ ಚಿಪ್ಪಿನ 10 ಮೈಕ್ರೋಫ್ಯಾರಡ್ ಕೆಪಾಸಿಟರು ತೆಗೆದು 100ರದ್ದು ಹಾಕಿದ. 3ನೇ ಕಾಲಿನ ತಂತಿಯನ್ನು ಕಿತ್ತು, ಕೆಪಾಸಿಟರಿನಿಂದಲೇ ಒಂದು ಟ್ರಾನ್ಸಿಸ್ಟರಿನ ಮೂಲಕ 5ನೇ ಕಾಲಿಗೆ ಕೊಟ್ಟ. ಕೆಪಾಸಿಟರು ನಿಧಾನ ತುಂಬಿ ನಿಧಾನ ಖಾಲಿಯಾದಂತೆ ಸ್ವರವೂ ಜಾರುತ್ತ ಸಾಗಿತು. ಒಂದು ಸುತ್ತಿಗೆ ಹತ್ತು ಸೆಕೆಂಡು. ಮಾವ ಕಣ್ಣು ಮುಚ್ಚಿ ಕೇಳಿ, "ಈಗ ಪಂಚಿಂಗ್ ಕಾರ್ಡ್ ಕೊಡು" ಎಂದರು.

ಹೊಸ ಬ್ಯಾಟರಿ ಹಾಕಿ ಉದ್ಘಾಟನೆ ಮಾಡಿದ್ದು ಸೋಮವಾರ, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ. ಆಗಸ್ಟಿನ ಮೊದಲ ಸೋಮವಾರ ಎಂಬುದು ಯಾರ ತಲೆಯಲ್ಲೂ ಇರಲಿಲ್ಲ. ಈ ದೇಶದಲ್ಲಿ ತಿಂಗಳ ಮೊದಲ ಸೋಮವಾರ ಹನ್ನೆರಡಕ್ಕೆ ಅಪಾಯದ ಸೈರನ್ನುಗಳನ್ನು ಪರೀಕ್ಷಿಸುತ್ತಾರೆ. ಅತ್ತೆಯ ಕೈಯಿಂದ ಗುಂಡಿ ಒತ್ತಿಸಿದ್ದೇ ತಡ, ಇಡೀ ಐಂಡ್‌ಹೋವನ್ ಊಳಿಟ್ಟಿತು. ಅತ್ತೆ ಬೆರಳು ತೆಗೆದರು. ಊರು ನಿಲ್ಲಿಸಲಿಲ್ಲ. "ಅಯ್ಯೋ, ಆಫ್ ಮಾಡ್ರೋ! ಪೊಲೀಸ್ ಬಂದ್ರೆ ನನ್ನ ವೀಸಾ ಗತಿಯೇನು?" ಎಂದು ಬೋರ್ಡನ್ನು ಸೆರಗಿನಲ್ಲಿ ಸುತ್ತಿ, ಅಕ್ಕಿ ಡಬ್ಬಕ್ಕೆ ತುರುಕಿ, ಮುಚ್ಚಳದ ಮೇಲೆ ಕೈಯಿಟ್ಟು ನಿಂತರು. ಮಾವ ಗಡಿಯಾರ ನೋಡುತ್ತಿದ್ದರು. ಒಂದು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಊರು ಸುಮ್ಮನಾಯಿತು. "ಪರವಾಗಿಲ್ಲ, ಟೈಮಿಗೆ ಸರಿಯಾಗಿ ಕೂಗ್ತಾರೆ" ಎಂದರು.

ಹೊರಡುವ ಹಿಂದಿನ ರಾತ್ರಿ ಆ ಬೋರ್ಡು ಮಾವನವರ ಕೈಚೀಲದಲ್ಲಿ, ಔಷಧಿ ಡಬ್ಬಿಯ ಪಕ್ಕದಲ್ಲಿ ಸಿಕ್ಕಿತು. ಭದ್ರಾವತಿಯ ಹಳೇ ಗೆಳೆಯರಿಗೆ ಕೇಳಿಸಬೇಕಂತೆ.

"ಮಾವ, ತಂತಿ, ಬ್ಯಾಟರಿ, ಟೈಮರು. ಈ ಮೂರನ್ನೂ ಸ್ಕಿಪೋಲ್ ಏರ್‌ಪೋರ್ಟಿನ ತಪಾಸಣೆಯವರ ಮುಂದೆ ಒಟ್ಟಿಗೆ ಇಡೋ ಹಾಗಿಲ್ಲ" ಎಂದೆ.

"ಟೈಮರ್ ಅಂತ ನಾನ್ಯಾಕೆ ಹೇಳ್ಲಮ್ಮಾ? ಸೈರನ್ ಅಂತೀನಿ. ನಂಬದಿದ್ರೆ ಅಲ್ಲೇ ಒತ್ತಿ ತೋರಿಸ್ತೀನಿ."