ಎರಡನೇ ಮಹಡಿಯಲ್ಲಿ ಸೂರ್ಯದರ್ಶನ: ಒಂದು ಮೀಮಾಂಸೆ

ಮೊದಲು ಕ್ಷೇತ್ರನಿರ್ಣಯ. ಬೆಂಗಳೂರಿನಲ್ಲಿ ಎರಡು ಮಾರೇನಹಳ್ಳಿಗಳಿವೆ. ಜೆ.ಪಿ. ನಗರದ ಕಡೆಯದನ್ನು ಪಾಠಾಂತರವೆಂದು ಬದಿಗಿಟ್ಟು, ವಿಜಯನಗರದ ಮಗ್ಗುಲಿನದನ್ನೇ ಮೂಲಪಾಠವಾಗಿ ಹಿಡಿದಿದ್ದೇನೆ. (ಆಟೋದವರು ಈ ಭೇದವನ್ನು ಎತ್ತುವುದು ತಪ್ಪು ಮಾರೇನಹಳ್ಳಿ ತಲುಪಿದ ಮೇಲೆ.)

ಸಂಶೋಧನೆಯ ವಸ್ತು ನಮ್ಮ ಟೂ ಬಿಎಚ್‌ಕೆ. ಒಂದು ಕಿಟಕಿ ಡಕ್ಟಿಗೆ ತೆರೆಯುತ್ತದೆ, ಮೂರು ಪಕ್ಕದ ಮನೆಯ ಗೋಡೆಗೆ. ಹಗಲು ಹನ್ನೊಂದಕ್ಕೂ ಟ್ಯೂಬ್‌ಲೈಟು. ಗವಿಪುರದ ಗವಿಗಂಗಾಧರೇಶ್ವರನಿಗೆ ಸಂಕ್ರಾಂತಿಯ ಸಂಜೆ, ನಂದಿಯ ಕೊಂಬುಗಳ ನಡುವೆ ಹಾದ ಬಿಸಿಲು ಬಂದು ಮುಟ್ಟುತ್ತದೆ. ನೋಡಲು ಜನ ಮುಗಿಬೀಳುತ್ತಾರೆ. ನಮ್ಮಲ್ಲೂ ಚಳಿಗಾಲದಲ್ಲಿ ಸೂರ್ಯ ಎರಡು ಸಿಂಟೆಕ್ಸ್ ಟ್ಯಾಂಕುಗಳ ನಡುವೆ ತೂರಿ, ಗ್ರೈಂಡರಿನ ಮೇಲೆ ಹತ್ತು ನಿಮಿಷ ಕೂತು ಹೋಗುತ್ತಾನೆ. ಮಂಗಳಾರತಿ ಎತ್ತುವವರಿಲ್ಲ.

ಇನ್ನು ಪೂರ್ವಪಕ್ಷ. ಇಂಟೀರಿಯರ್ ಹುಡುಗನ ವಾದ: "ನಾರ್ತ್ ಸೈಡ್ ದೊಡ್ಡ ಗ್ಲಾಸ್ ಹಾಕ್ಸಿ ಸಾರ್, ಬೆಳಕು ಬರುತ್ತೆ, ಬಿಸಿಲು ಬರಲ್ಲ." ಖಂಡನೆ: ಇದು ಯುರೋಪಿನ ಚಿತ್ರಕಾರರ ಸ್ಟುಡಿಯೋ ಪಾಠ. ಬೆಂಗಳೂರಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಗೇ ಬಂದು ನೆರಳು ಕಾಲಡಿ ಅಡಗುತ್ತದೆ; ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ವಾಲುವುದೇ ಉತ್ತರಕ್ಕೆ. ಅರ್ಧ ಗಂಟೆ ವಿವರಿಸಿದೆ. ಹುಡುಗ ಶ್ರದ್ಧೆಯಿಂದ ಕೇಳಿ, "ಹಂಗಾದ್ರೆ ಬ್ಲೈಂಡ್ಸೂ ಹಾಕ್ಸೋಣ ಸಾರ್" ಎಂದು ಕೊಟೇಶನ್ನಿಗೆ ಇನ್ನೊಂದು ಸಾಲು ಸೇರಿಸಿದ.

ತೊಟ್ಟಿಮನೆಯವರು ನಡುಮನೆಗೆ ಆಕಾಶವನ್ನೇ ಇಳಿಸಿಕೊಂಡಿದ್ದರು, ಅಡುಗೆಮನೆಗೆ ಮಾಡಿನಲ್ಲೊಂದು ಬೆಳಕಿಂಡಿ. ಅದಕ್ಕವರು ಡಿಸೈನ್ ಚಾರ್ಜ್ ತೆತ್ತದ್ದಕ್ಕೆ ಶಾಸನಾಧಾರ ನನಗೆ ಸಿಕ್ಕಿಲ್ಲ.

ಅಡುಗೆಮನೆಯ ಗೋಡೆ ಒಡೆಸಿ ಓಪನ್ ಕಿಚನ್ ಮಾಡಿದೆವು. ಅತ್ತೆಯವರ ಭಾಷ್ಯ ಸಂಕ್ಷಿಪ್ತ: "ಬೆಳಕು ಬಂತೋ ಇಲ್ವೋ, ಒಗ್ಗರಣೆ ಘಾಟು ಬೆಡ್‌ರೂಮಿಗೂ ಬಂತು."

'ಹೊರಗಿನೊಡನೆ ಸಂಬಂಧ' ಎಂಬ ಪ್ರಕರಣ ಜಟಿಲ. ಮುಂಚೆ ಬಾಲ್ಕನಿಯಿಂದ ಅತ್ತೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ಕೆಳಗೆ ಸೊಪ್ಪಿನವಳು ಎರಡು ಕಟ್ಟು ದಂಟು, ಒಂದು ಕಟ್ಟು ಸಬ್ಬಸಿಗೆ ಹಾಕಿ ಹಗ್ಗ ಜಗ್ಗುತ್ತಿದ್ದಳು. ಮೇಲೆ-ಕೆಳಗೆ ಇಡೀ ಬೀದಿಯ ಸುದ್ದಿಯೂ ಆಗುತ್ತಿತ್ತು. ಸಂಬಂಧ ಬಲಪಡಿಸಲು ಈಗ ಕ್ರಮವಾಗಿ ಸ್ಲೈಡಿಂಗ್ ಗಾಜು, ಸೊಳ್ಳೆಗೆ ಮೆಶ್, ಕಳ್ಳರಿಗೆ ಗ್ರಿಲ್, ಪಾರಿವಾಳಕ್ಕೆ ಬಲೆ. ಬುಟ್ಟಿಯಲ್ಲಿ ಈರುಳ್ಳಿ ಇಟ್ಟಿದ್ದೇವೆ. ಸೊಪ್ಪು ಆ್ಯಪಿನಲ್ಲಿ ಬರುತ್ತದೆ, ಸುದ್ದಿ ಬರುವುದಿಲ್ಲ.

ಇಷ್ಟಾಗಿಯೂ ಟ್ಯೂಬ್‌ಲೈಟು ಆರಲಿಲ್ಲ. ಹೀಗಿರುವಾಗ ಮೊನ್ನೆ ಭಾನುವಾರ ಎದ್ದು ನೋಡಿದರೆ ಹಾಲ್ ತುಂಬ ಬೆಳಕು. ಗೋಡೆಯಲ್ಲಿದ್ದ ಮಾವನವರ ಫೋಟೋದಲ್ಲಿ ಮೀಸೆ ಕಂಡಿತು. ಪಕ್ಕದ ಮನೆಯವರು ಹನ್ನೆರಡು ವರ್ಷ ಬರೀ ಸಿಮೆಂಟಾಗಿ ಬಿಟ್ಟಿದ್ದ ಗೋಡೆಗೆ ಬಿಳಿ ಹೊಡೆಸಿದ್ದರು. ಸಿದ್ಧಾಂತ ತಾನೇ ತಾನಾಗಿ ಹೊಳೆಯಿತು: ಮಾರೇನಹಳ್ಳಿಯಲ್ಲಿ ಬೆಳಕು ಬರುವುದು ಸೂರ್ಯನಿಂದಲ್ಲ, ನೆರೆಯವರಿಂದ.

ಕಿಟಕಿಯಿಂದಲೇ ಕೈಮುಗಿದು ಕೃತಜ್ಞತೆ ಹೇಳಿದೆ. ಅವರು ಏಣಿ ಹಿಡಿದುಕೊಂಡೇ ಅಂದರು: "ಅಯ್ಯೋ, ಇದು ಬರೀ ಪ್ರೈಮರ್ ಸಾರ್. ನಾಳೆ ಇದರ ಮೇಲೆ ಕಾಫಿಪುಡಿ ಕಲರ್."